ತಪ್ಪು ಗೆರೆಗೂ ಒಂದು ಜಾಗ ಕೊಡಿ

(ಸಂಘದ ವಾರ್ಷಿಕ ಸಮಾರಂಭ ಮತ್ತು ಮಕ್ಕಳ ಚಿತ್ರಕಲಾ ಸ್ಪರ್ಧೆಯ ಬಹುಮಾನ ವಿತರಣೆಯ ಸಂದರ್ಭದಲ್ಲಿ ಮಾಡಿದ ಭಾಷಣದ ಬರಹ ರೂಪ)



'ಜೀವನದಲ್ಲಿ ಕಲೆಯ ಮಹತ್ವ' ಎಂಬ ವಿಷಯವಾಗಿ ಎರಡು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಿದ್ದರು. ಅದು ಬಹಳ ದೊಡ್ಡ ವಿಷಯ. ಅಷ್ಟು ದೊಡ್ಡದನ್ನು ಎತ್ತಿಕೊಂಡರೆ ಊಟದ ಹೊತ್ತು ಮೀರಿ ಹೋಗುತ್ತದೆ. ಆದ್ದರಿಂದ ಅದರೊಳಗಿನ ಒಂದೇ ಒಂದು ಸಂಗತಿಯನ್ನು ಹಿಡಿದುಕೊಳ್ಳುತ್ತೇನೆ. ಮಗು ಚಿತ್ರ ಬರೆಯುವಾಗ ತಪ್ಪು ಮಾಡುತ್ತದೆಯಲ್ಲ, ಆ ತಪ್ಪನ್ನು ನಾವು ದೊಡ್ಡವರು ಏನು ಮಾಡುತ್ತೇವೆ ಎಂಬುದೇ ಆ ಸಂಗತಿ.

ಈ ದಿನದ ಸ್ಪರ್ಧೆಯ ಚಿತ್ರಗಳನ್ನು ನೋಡಿಕೊಂಡು ಬಂದೆ. ಬಹಳಷ್ಟು ಮಕ್ಕಳು ಒಂದೇ ಚಿತ್ರ ಬರೆದಿದ್ದಾರೆ. ಎರಡು ಬೆಟ್ಟ, ನಡುವೆ ಅರ್ಧ ಸೂರ್ಯ, ಬೆಟ್ಟದಿಂದ ಇಳಿದು ಬರುವ ನದಿ, ದಡದಲ್ಲಿ ಒಂದು ತೆಂಗಿನ ಮರ, ಕೆಂಪು ಹೆಂಚಿನ ಒಂದು ಮನೆ, ಆಕಾಶದಲ್ಲಿ ನಾಲ್ಕು ಹಕ್ಕಿ. ನಮ್ಮ ಮಂಡ್ಯ ಸೀಮೆಯಲ್ಲಿ ಇಂಥ ಜಾಗ ಎಲ್ಲಿದೆ ಹೇಳಿ? ನಮ್ಮ ಮಕ್ಕಳು ದಿನವೂ ನೋಡುವುದು ಕಬ್ಬಿನ ಗದ್ದೆ, ವಿಶ್ವೇಶ್ವರಯ್ಯ ನಾಲೆ, ಕಬ್ಬು ಹೇರಿಕೊಂಡು ರಸ್ತೆ ತುಂಬಾ ಹೋಗುವ ಟ್ರ್ಯಾಕ್ಟರ್, ಆಲೆಮನೆಯ ಹೊಗೆ, ಬಸ್ ಸ್ಟ್ಯಾಂಡಿನ ಎಳನೀರಿನ ರಾಶಿ. ಇವುಗಳಲ್ಲಿ ಒಂದೂ ಚಿತ್ರದೊಳಗೆ ಬಂದಿಲ್ಲ. ಮಕ್ಕಳಿಗೆ ಕಣ್ಣಿಲ್ಲವೆಂದು ತಿಳಿಯಬೇಡಿ. ಕಬ್ಬಿನ ಟ್ರ್ಯಾಕ್ಟರ್ ಬರೆಯಲು ಹೋದರೆ ಚಕ್ರ ಸೊಟ್ಟಗಾಗಬಹುದು, ಯಾರಾದರೂ ನಗಬಹುದು. ಬೆಟ್ಟ, ಸೂರ್ಯ, ಮನೆ ಬರೆದರೆ ತಪ್ಪಾಗುವುದಿಲ್ಲ. ಮಗು ಲೆಕ್ಕ ಹಾಕಿಯೇ ತಪ್ಪಾಗದ ಚಿತ್ರವನ್ನು ಆರಿಸಿಕೊಂಡಿದೆ. ಆರು ಏಳು ವರ್ಷದ ಮಗುವಿಗೆ ಈ ಲೆಕ್ಕಾಚಾರ ಕಲಿಸಿದವರು ಯಾರು?

ಬಹಳ ವರ್ಷ ಶಾಲೆಗಳಲ್ಲಿ ಚಿತ್ರಕಲೆ ಕಲಿಸಿದವನು ನಾನು. ತರಗತಿಯಲ್ಲಿ ಹೆಚ್ಚಾಗಿ ಕೇಳಿಬರುತ್ತಿದ್ದ ಮಾತುಗಳು ಎರಡು. ಒಂದು, 'ಸಾರ್, ರಬ್ಬರ್ ಕೊಡಿ'. ಇನ್ನೊಂದು, 'ಸಾರ್, ಇದು ಸರಿ ಇದ್ಯಾ?' ನಾಲ್ಕು ಗೆರೆ ಎಳೆದು ಮೂರು ಅಳಿಸುವ ಮಕ್ಕಳನ್ನು ನೋಡಿದ್ದೇನೆ. ಅಳಿಸಿ ಅಳಿಸಿ ಕಾಗದ ತೂತಾಗಿ, ಆ ತೂತನ್ನು ಅಂಗೈಯಿಂದ ಮುಚ್ಚಿಕೊಂಡು ಕೂತ ಹುಡುಗಿಯನ್ನೂ ನೋಡಿದ್ದೇನೆ. ಐದನೇ ತರಗತಿ ದಾಟುವ ಹೊತ್ತಿಗೆ ಮೂರನೆಯ ಮಾತೊಂದು ಶುರುವಾಗುತ್ತದೆ: 'ನಂಗೆ ಬರಲ್ಲ ಸಾರ್'. ಆ ಮೇಲೆ ಆ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಬರೆಸುವುದು ಬಹಳ ಕಷ್ಟ.

ಮಕ್ಕಳ ಚಿತ್ರಗಳನ್ನು ಅಧ್ಯಯನ ಮಾಡಿದ ವಿದ್ವಾಂಸರು ಇದನ್ನು ಚೆನ್ನಾಗಿ ಗುರುತಿಸಿದ್ದಾರೆ. ಆಸ್ಟ್ರಿಯಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಶಿಕ್ಷಣ ತಜ್ಞರು 1947ರಲ್ಲಿ ಈ ಕುರಿತು ದೊಡ್ಡ ಪುಸ್ತಕವನ್ನೇ ಪ್ರಕಟಿಸಿದರು. ಎರಡು ವರ್ಷದ ಮಗು ಗೀಚುತ್ತದೆ. ಮೂರು ನಾಲ್ಕರ ಸುಮಾರಿಗೆ ಒಂದು ದೊಡ್ಡ ತಲೆ ಬರೆದು, ಆ ತಲೆಯಿಂದಲೇ ಕಾಲು ಇಳಿಸುತ್ತದೆ, ಹೊಟ್ಟೆ ಇರುವುದೇ ಇಲ್ಲ. ಆರೇಳು ವರ್ಷಕ್ಕೆ ಕಾಗದದ ಕೆಳಗೆ ನೆಲದ ಗೆರೆ ಬರುತ್ತದೆ, ಅದರ ಮೇಲೆ ಎಲ್ಲವೂ ಸಾಲಾಗಿ ನಿಲ್ಲುತ್ತವೆ. ಮನೆಯ ಗೋಡೆ ಗಾಜಿನದೋ ಎಂಬಂತೆ ಒಳಗಿನ ಮಂಚ, ಒಲೆ, ಅಜ್ಜಿ ಎಲ್ಲ ಕಾಣಿಸುತ್ತವೆ. ಒಂಬತ್ತು ಹತ್ತರ ಹೊತ್ತಿಗೆ ಮಗು ತಾನು ಬರೆದದ್ದನ್ನೂ ನಿಜವಾದ ವಸ್ತುವನ್ನೂ ಹೋಲಿಸಿ ನೋಡಲು ತೊಡಗುತ್ತದೆ. ಅಪಾಯದ ವಯಸ್ಸು ಅದೇ. ಆಗ ಯಾರಾದರೂ 'ಇದೇನೋ ಇದು, ಹಸುವೋ ನಾಯಿಯೋ?' ಎಂದು ನಕ್ಕರೆ ಮುಗಿಯಿತು. ಲೋವೆನ್‌ಫೆಲ್ಡ್ ಅವರು ಬಣ್ಣ ತುಂಬುವ ಪುಸ್ತಕಗಳನ್ನೂ ವಿರೋಧಿಸಿದರು. ಯಾರೋ ಬರೆದ ಗೆರೆಯ ಒಳಗೇ ಬಣ್ಣ ಹಾಕುವ ಮಗು ತನ್ನ ಗೆರೆಯನ್ನು ನಂಬುವುದನ್ನು ಬಿಡುತ್ತದೆ ಎಂಬುದು ಅವರ ವಾದ. ನಮ್ಮ ಅಂಗಡಿಗಳಲ್ಲಿ ಇಂದು ಬೇರೆ ಯಾವ ಚಿತ್ರದ ಪುಸ್ತಕ ಸಿಗದಿದ್ದರೂ ಅದೊಂದು ಸಿಗುತ್ತದೆ.

ಈಗ ಒಂದು ಪ್ರಶ್ನೆ. ಚಿತ್ರದಲ್ಲಿ ತಪ್ಪು ಎಂದರೆ ಏನು? ದೂರ ಹೋಗುವುದು ಬೇಡ. ಮಂಡ್ಯದಿಂದ ಅರ್ಧ ಗಂಟೆ ಬಸ್ಸಿನಲ್ಲಿ ಕೂತರೆ ಶ್ರೀರಂಗಪಟ್ಟಣ. ಅಲ್ಲಿ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಇದೆ. ಶಾಲಾ ಪ್ರವಾಸದಲ್ಲಿ ನೀವೆಲ್ಲ ಹೋಗಿರುತ್ತೀರಿ, ಉದ್ಯಾನದಲ್ಲಿ ಓಡಾಡಿ ಬಂದಿರುತ್ತೀರಿ. ಇನ್ನೊಮ್ಮೆ ಹೋದಾಗ ಪಶ್ಚಿಮದ ಗೋಡೆಯ ಮುಂದೆ ಹತ್ತು ನಿಮಿಷ ನಿಲ್ಲಿ. 1780ರ ಪೊಳ್ಳಿಲೂರು ಯುದ್ಧದ ಚಿತ್ರ ಅಲ್ಲಿದೆ. ಕುದುರೆ ಸವಾರರು ಸಾಲು ಸಾಲಾಗಿ, ಒಬ್ಬರಂತೆ ಒಬ್ಬರು, ಪಕ್ಕದಿಂದ ನೋಡಿದಂತೆ ಬರೆಯಲ್ಪಟ್ಟಿದ್ದಾರೆ. ಹೈದರ್ ಅಲಿ, ಟಿಪ್ಪು ಆನೆಯ ಮೇಲೆ ಎದ್ದು ಕಾಣುತ್ತಾರೆ. ದೂರದವರು ಚಿಕ್ಕದಾಗಿ, ಹತ್ತಿರದವರು ದೊಡ್ಡದಾಗಿ ಕಾಣಬೇಕು ಎಂಬ ನಿಯಮ ಆ ಗೋಡೆಯಲ್ಲಿ ನಡೆಯುವುದಿಲ್ಲ. ನಮ್ಮ ಪರೀಕ್ಷೆಯ ಅಳತೆಗೋಲು ಹಿಡಿದರೆ ಆ ಚಿತ್ರಕಾರರಿಗೆ ಪಾಸ್ ಮಾರ್ಕು ಸಿಗುವುದೂ ಅನುಮಾನ. ಆದರೂ ದೇಶ ವಿದೇಶದಿಂದ ಜನ ಬಂದು ಅದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ನಿಮ್ಮ ಮಗು ಅಮ್ಮನನ್ನು ಮನೆಗಿಂತ ಎತ್ತರ ಬರೆದರೆ ಅದೂ ಇದೇ ಲೆಕ್ಕದಲ್ಲಿ ಬರೆದಿದೆ: ಮುಖ್ಯವಾದದ್ದು ದೊಡ್ಡದಾಗಿರಬೇಕು.

ಆ ಗೋಡೆಯ ಚಿತ್ರದ ಇನ್ನೊಂದು ಕಥೆಯನ್ನೂ ಹೇಳಬೇಕು. ಒಂದು ಕಾಲದಲ್ಲಿ ಅದಕ್ಕೆ ಸುಣ್ಣ ಬಳಿದುಬಿಟ್ಟಿದ್ದರು. 19ನೆಯ ಶತಮಾನದ ನಡುವಿನಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಂದು ನೋಡಿದ ಮೇಲೆ ಅವರ ಆಜ್ಞೆಯಂತೆ ಅದನ್ನು ಮತ್ತೆ ಬರೆಸಲಾಯಿತು. ಇಂದು ನಾವು ನೋಡುವುದು ಹೀಗೆ ಅಳಿಸಿ, ಮತ್ತೆ ಬರೆದ ಚಿತ್ರವನ್ನು.

ನಮ್ಮ ಕನ್ನಡದಲ್ಲಿ ಒಂದು ಸೊಗಸಾದ ಶಬ್ದವಿದೆ, 'ತಿದ್ದು' ಎಂದು. ಮಗು ಮೊದಲು ಅಕ್ಷರ ಕಲಿಯುವಾಗ ಮರಳಿನ ಮೇಲೋ ಸ್ಲೇಟಿನ ಮೇಲೋ ಅಕ್ಷರ ತಿದ್ದುತ್ತದೆ. ಮೇಷ್ಟ್ರು ತಪ್ಪನ್ನು ತಿದ್ದುತ್ತಾರೆ. ಕಲಿಯುವುದಕ್ಕೂ ಸರಿಪಡಿಸುವುದಕ್ಕೂ ಒಂದೇ ಶಬ್ದ. ಹಳಬರು ಯೋಚನೆ ಮಾಡಿಯೇ ಇಟ್ಟರೋ, ಬಳಕೆಯಲ್ಲಿ ತಾನಾಗಿ ಬಂತೋ, ಭಾಷಾ ಪಂಡಿತರು ಹೇಳಲಿ. ಒಂದು ವ್ಯತ್ಯಾಸವನ್ನು ಮಾತ್ರ ನಾವು ಗಮನಿಸಬೇಕು. ಅಕ್ಷರ ತಿದ್ದುವಾಗ ಕೈ ಮಗುವಿನದು. ತಪ್ಪು ತಿದ್ದುವಾಗ ಪೆನ್ನು ಮೇಷ್ಟ್ರದು. ಚಿತ್ರದಲ್ಲಿ ಎರಡೂ ಮಗುವಿನ ಕೈಯಲ್ಲೇ ಉಳಿಯಬೇಕು ಎಂಬುದು ನನ್ನ ಅಭಿಪ್ರಾಯ.

ಅರಬ್ಬಿ, ಫಾರಸಿ, ಉರ್ದು ಲಿಪಿಯ ಸುಂದರ ಬರವಣಿಗೆಯನ್ನು ನಮ್ಮ ಹಿರಿಯರು ಖುಷ್‌ಖತಿ ಎನ್ನುತ್ತಿದ್ದರು. ಅದರಷ್ಟು ಕಟ್ಟುನಿಟ್ಟಿನ ಕಲೆ ಬೇರೊಂದಿಲ್ಲವೆಂದೇ ಹೇಳಬಹುದು. 10ನೆಯ ಶತಮಾನದ ಬಗ್ದಾದಿನ ಇಬ್ನ್ ಮುಕ್ಲಾ ಎಂಬವರು ಒಂದೊಂದು ಅಕ್ಷರ ಎಷ್ಟು ಎತ್ತರ, ಎಷ್ಟು ಅಗಲ ಇರಬೇಕೆಂಬುದಕ್ಕೆ ಲೇಖನಿಯ ಚುಕ್ಕೆಯಿಂದ ಅಳತೆ ಕಟ್ಟಿಕೊಟ್ಟರು. ಶಿಷ್ಯ ಅದೇ ಅಕ್ಷರವನ್ನು ವರ್ಷಗಟ್ಟಲೆ ಬರೆಯಬೇಕು. ಈ ಅಭ್ಯಾಸಕ್ಕೆ ಮಷ್ಕ್ ಎಂದು ಹೆಸರು. ಕಾಗದ ದುಬಾರಿಯಾಗಿದ್ದ ಕಾಲ. ಆದ್ದರಿಂದ ಒಂದೇ ಹಾಳೆಯ ಮೇಲೆ, ಬರೆದ ಅಕ್ಷರದ ಮೇಲೆಯೇ ಮತ್ತೆ ಬರೆಯುತ್ತಾ, ಹಾಳೆ ತಿರುಗಿಸಿ ಅಡ್ಡಡ್ಡ ಬರೆಯುತ್ತಾ ಹೋಗುತ್ತಿದ್ದರು. ಕೊನೆಗೆ ಹಾಳೆಯೆಲ್ಲ ಕಪ್ಪಾಗುತ್ತಿತ್ತು. ಅದನ್ನು ಸಿಯಾಹ್ ಮಷ್ಕ್ ಎಂದರು, ಅಂದರೆ ಕಪ್ಪು ಅಭ್ಯಾಸ. ಮುಂದೆ ಇರಾನಿನಲ್ಲಿ ನಡೆದದ್ದು ಸ್ವಾರಸ್ಯಕರ. ಈ ಅಭ್ಯಾಸದ ಹಾಳೆಗಳೇ ಜನರಿಗೆ ಚೆಂದ ಕಂಡವು. ಅವನ್ನು ಕೂಡಿಟ್ಟರು, ಅಂಚು ಕಟ್ಟಿಸಿದರು. ದೊಡ್ಡ ದೊಡ್ಡ ಉಸ್ತಾದರು ಬೇಕೆಂದೇ ಸಿಯಾಹ್ ಮಷ್ಕ್ ಬರೆದು ಕೆಳಗೆ ರುಜು ಹಾಕತೊಡಗಿದರು. ಇಂದು ಅವು ವಸ್ತುಸಂಗ್ರಹಾಲಯಗಳಲ್ಲಿವೆ. ನಮ್ಮ ಮನೆಗಳಲ್ಲಿ ಮಗು ಒಂದು ಹಾಳೆಯನ್ನು ಕಪ್ಪು ಮಾಡಿದರೆ ಏನು ಹೇಳುತ್ತೇವೆ? 'ಕಾಗಜ್ ಖರಾಬ್ ನಕ್ಕೋ ಕರ್!' ಅಷ್ಟೇ ತಾನೆ?

(ತಾಯಂದಿರು ನಗುತ್ತಿದ್ದೀರಿ. ನಿಮ್ಮ ಮನೆಯ ಮಾತನ್ನೇ ಹೇಳಿದೆನೆಂದು ತೋರುತ್ತದೆ.)

ಪಕ್ಕದ ಚನ್ನಪಟ್ಟಣಕ್ಕೆ ಬನ್ನಿ. ಮದ್ದೂರಿನಿಂದ ಸುಮಾರು 20 ಕಿಲೋಮೀಟರ್. ಮರದ ಬೊಂಬೆಯ ಕೆಲಸ ಟಿಪ್ಪುವಿನ ಕಾಲದಲ್ಲಿ ಬೆಳೆಯಿತೆಂದು ಪ್ರತೀತಿ. ಬಾವಾಸ್ ಮಿಯಾನ್ ಅವರನ್ನು ಆ ಕಸುಬಿನ ಪಿತಾಮಹರೆಂದು ಇಂದಿಗೂ ನೆನೆಯುತ್ತಾರೆ. ಜಪಾನಿನವರ ವಿಧಾನಗಳನ್ನು ಊರಿನ ಕೆಲಸಕ್ಕೆ ತಂದು ಹೊಂದಿಸಿದ ಕೀರ್ತಿ ಅವರದು. ಇದ್ದದ್ದೇ ಸಾಕೆಂದು ಕೂತಿದ್ದರೆ ಆ ಕಸುಬು ಇಷ್ಟು ದೂರ ಬರುತ್ತಿತ್ತೇ? ಇಂದು ಆ ಬೊಂಬೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ.

ಅಲ್ಲಿ ಕೆಲಸ ನಡೆಯುವ ಬಗೆ ನೋಡಿ. ಆಲೆ ಮರದ ತುಂಡನ್ನು ಒಣಗಿಸಿ ಲೇತಿಗೆ ಸಿಕ್ಕಿಸುತ್ತಾರೆ. ಮರ ಗಿರ್ರನೆ ತಿರುಗುತ್ತದೆ, ಉಳಿ ತಾಗಿಸಿದ ಕಡೆ ಸಿಪ್ಪೆ ಸುರುಳಿಯಾಗಿ ಏಳುತ್ತದೆ. ಆಕಾರ ಬಂದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ಕೇದಗೆ ಜಾತಿಯ ಒಣ ಎಲೆಯಿಂದ ತೀಡಿದರೆ ಹೊಳಪು ಬರುತ್ತದೆ. ಬರೆದುಕೊಂಡರೆ ನಾಲ್ಕು ಸಾಲು. ಆದರೆ ಉಳಿಯನ್ನು ಎಷ್ಟು ಓರೆ ಹಿಡಿಯಬೇಕು, ಅರಗನ್ನು ಎಷ್ಟು ಒತ್ತಬೇಕು ಎಂಬುದನ್ನು ಬಾಯಲ್ಲಿ ಹೇಳಿ ಕಲಿಸುವಂತಿಲ್ಲ. ಕಡಿಮೆ ಒತ್ತಿದರೆ ಅರಗು ಕರಗದು, ಹೆಚ್ಚು ಒತ್ತಿದರೆ ಮುದ್ದೆಯಾಗುತ್ತದೆ. ಹೊಸಬನ ಕೈ ಎರಡೂ ಕಡೆ ತಪ್ಪಿ ತಪ್ಪಿಯೇ ನಡುವಿನ ಹದಕ್ಕೆ ಬರಬೇಕು. ಅರಗು ಕೆಟ್ಟರೆ ಕೆರೆದು ಮತ್ತೆ ಹಚ್ಚಬಹುದು. ಉಳಿ ಆಳಕ್ಕೆ ಹೋಗಿಬಿಟ್ಟರೆ ಹೋದ ಮರ ತಿರುಗಿ ಬಾರದು. ಆಗ ಆ ತುಂಡು ಇನ್ನೂ ಚಿಕ್ಕದೇನಾದರೂ ಆಗಬೇಕು, ಮಣಿಯೋ ಬುಗುರಿಯೋ. ಹೀಗೆ ಕೈತಪ್ಪಿದ ಮೇಲೆ 'ಇನ್ನು ಇದರಿಂದ ಏನು ಮಾಡಬಹುದು' ಎಂದು ಕೇಳಿಕೊಳ್ಳುವುದೂ ಕಸುಬಿನ ಒಂದು ಭಾಗವೇ ಆಗಿದೆ.

ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಾಂದ್ ರಾತ್‌ನಲ್ಲಿ ಮೆಹಂದಿ ಹಚ್ಚುವಾಗ ಕೋನ್ ಜಾರಿ ಒಂದು ಗೆರೆ ಬೇರೆ ಕಡೆ ಹೋಗುತ್ತದೆ. ಮೆಹಂದಿಗೆ ರಬ್ಬರ್ ಇಲ್ಲ. ತಂಗಿ ಅಳುವ ಮೊದಲೇ ಆಪಾ ಆ ಗೆರೆಗೆ ಎರಡು ಎಲೆ ಕಟ್ಟಿ, ತುದಿಗೆ ಒಂದು ಮೊಗ್ಗು ಇಟ್ಟು ಬಳ್ಳಿ ಮಾಡಿಬಿಡುತ್ತಾಳೆ. ಬೆಳಿಗ್ಗೆ ಎಲ್ಲರೂ ಆ ಬಳ್ಳಿಯನ್ನೇ ಹೊಗಳುತ್ತಾರೆ. ಇದೇ ಹುಡುಗಿ ಶಾಲೆಯ ಡ್ರಾಯಿಂಗ್ ಪುಸ್ತಕದ ಮುಂದೆ ಕೂತಾಗ 'ನಂಗೆ ಬರಲ್ಲ ಸಾರ್' ಎನ್ನುತ್ತಾಳೆ. ಕೈ ಅದೇ, ಕಣ್ಣು ಅದೇ. ಮನೆಯಲ್ಲಿರುವ ಧೈರ್ಯ ಶಾಲೆಯ ಬಾಗಿಲಲ್ಲಿ ಎಲ್ಲಿ ಹೋಯಿತು ಎಂದು ನಾವು ಕೇಳಿಕೊಳ್ಳಬೇಕು.

ಮದ್ದೂರಿನವರು ಇಷ್ಟು ಜನ ಬಂದಿರುವಾಗ ವಡೆಯ ಮಾತು ಬಾರದಿದ್ದರೆ ಬೇಸರ ಮಾಡಿಕೊಂಡಾರು. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು, ರೈಲು ಹೊತ್ತಿಗೆ ಮುಂಚೆಯೇ ಬಂದುಬಿಟ್ಟಿದ್ದರಿಂದ, ಪಕೋಡ ಕರಿಯಲು ಸಮಯವಿಲ್ಲದೆ ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರಂತೆ. ಮದ್ದೂರು ವಡೆ ಹುಟ್ಟಿದ್ದು ಹಾಗೆ ಎಂಬ ಕಥೆ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಅಂದು ಯಾರಾದರೂ ಪಕ್ಕದಲ್ಲಿ ನಿಂತು 'ಇದು ಪಕೋಡದ ಆಕಾರವಲ್ಲ' ಎಂದು ತಿದ್ದಿದ್ದರೆ ನಮಗೆ ವಡೆ ಎಲ್ಲಿ ಸಿಗುತ್ತಿತ್ತು?

ದೊಡ್ಡವರ ಉದಾಹರಣೆಯೂ ಒಂದು ಇರಲಿ. ರವೀಂದ್ರನಾಥ ಠಾಕೂರರು ಕವಿಗಳೆಂದು ನಮಗೆಲ್ಲ ಗೊತ್ತು. ಅವರು ಚಿತ್ರಕಾರರಾದದ್ದು ಅರವತ್ತು ದಾಟಿದ ಮೇಲೆ, ಅದೂ ತಪ್ಪುಗಳ ದಾರಿಯಿಂದ. ಕವಿತೆ ಬರೆಯುವಾಗ ಬೇಡವಾದ ಪದವನ್ನು ಹೊಡೆದು ಹಾಕುತ್ತಾರಲ್ಲ, ಆ ಹೊಡೆದ ಗುರುತುಗಳು ಹಾಳೆಯ ಮೇಲೆ ಗಾಯದಂತೆ ಕಾಣುವುದು ಅವರಿಗೆ ಇಷ್ಟವಾಗಲಿಲ್ಲ. ಒಂದು ಗೀಟನ್ನು ಇನ್ನೊಂದಕ್ಕೆ ಕೂಡಿಸಿದರು, ಅಲ್ಲೊಂದು ಕೊಕ್ಕು, ಇಲ್ಲೊಂದು ಬಾಲ ಮೂಡಿತು. 1924ರ ಸುಮಾರಿಗೆ 'ಪೂರವಿ' ಕವನಗಳ ಹಸ್ತಪ್ರತಿಯಲ್ಲಿ ಇಂಥ ವಿಚಿತ್ರ ಪ್ರಾಣಿಗಳೇ ತುಂಬಿದವು. ಅರ್ಜೆಂಟೀನಾದಲ್ಲಿ ಅವರಿಗೆ ಆತಿಥ್ಯ ನೀಡಿದ ವಿಕ್ಟೋರಿಯಾ ಒಕಾಂಪೊ ಅದನ್ನು ನೋಡಿ ಬೆರಗಾದರು. ಅದೇ ಮಹಿಳೆ ಮುಂದೆ ನಿಂತು 1930ರಲ್ಲಿ ಪ್ಯಾರಿಸ್ ನಗರದಲ್ಲಿ ಅವರ ಚಿತ್ರಗಳ ಪ್ರದರ್ಶನ ಏರ್ಪಡಿಸಲು ನೆರವಾದರು. ಆ ಕೈಯಿಂದ ಮುಂದೆ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳು ಬಂದವು. ರವೀಂದ್ರರ ಬಳಿ ಒಳ್ಳೆಯ ರಬ್ಬರ್ ಇರಲಿಲ್ಲ ಎಂಬುದು ನಮ್ಮ ಪುಣ್ಯ.

ಇಷ್ಟೆಲ್ಲ ಹೇಳಿದ ಮೇಲೆ ಕೆಲವರ ಮನಸ್ಸಿನಲ್ಲಿ ಒಂದು ಮಾತು ಏಳುತ್ತಿರಬಹುದು. 'ಮಕ್ಕಳು ಎಸ್.ಎಸ್.ಎಲ್.ಸಿ. ಪಾಸಾಗಬೇಕು, ಕೆಲಸ ಹಿಡಿಯಬೇಕು. ಇವರು ಚಿತ್ರದಲ್ಲಿ ಗೆರೆ ಸೊಟ್ಟಗಾದರೆ ಏನು, ನೆಟ್ಟಗಾದರೆ ಏನು ಎಂಬುದನ್ನು ಇಷ್ಟು ಹೊತ್ತು ಹೇಳುತ್ತಿದ್ದಾರಲ್ಲ' ಎಂದು. ನಾನು ಈ ವಿಷಯ ಆರಿಸಿಕೊಂಡದ್ದೇ ಆ ಕಾರಣಕ್ಕೆ.

ನಮ್ಮ ಬಹಳ ಮಕ್ಕಳ ಮನೆಮಾತು ಉರ್ದು. ಬೀದಿಯಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ ಕನ್ನಡ. ಆರಂಭದಲ್ಲಿ ಲಿಂಗ ವಚನ ತಪ್ಪುತ್ತದೆ. 'ಅಮ್ಮಿ ಬಂದ', 'ಸಾರ್ ಬಂತು' ಎಂದುಬಿಡುತ್ತಾರೆ. ತರಗತಿ ಗೊಳ್ಳೆಂದು ನಗುತ್ತದೆ. ಗಟ್ಟಿ ಮಗು ತಾನೂ ನಕ್ಕು ಮುಂದುವರಿಯುತ್ತದೆ. ಮೆತ್ತನೆಯ ಮಗು ಅಂದಿನಿಂದ ಬಾಯಿ ಬಿಡುವುದಿಲ್ಲ. ಬಾಯಿ ಬಿಡದಿದ್ದರೆ ಭಾಷೆ ಬರುವುದಿಲ್ಲ, ಭಾಷೆ ಬಾರದಿದ್ದರೆ ವಿಜ್ಞಾನ, ಸಮಾಜ ಯಾವುದೂ ತಲೆಗೆ ಹತ್ತುವುದಿಲ್ಲ. ಒಂಬತ್ತನೇ ತರಗತಿಯಲ್ಲಿ ಆ ಮಗು ಶಾಲೆ ಬಿಟ್ಟು ಗ್ಯಾರೇಜಿಗೋ ಅಂಗಡಿಗೋ ಸೇರಿದಾಗ ನಾವು 'ಓದು ಹತ್ತಲಿಲ್ಲ' ಎಂದು ಷರಾ ಬರೆಯುತ್ತೇವೆ. ಮೊದಲ ತಪ್ಪಿಗೆ ಸಿಕ್ಕ ನಗೆಯಿಂದ ಶುರುವಾದ ಮೌನ ಅದು ಎಂದು ಯಾರೂ ಬರೆಯುವುದಿಲ್ಲ. ಕರಿಹಲಗೆಯ ಮುಂದೆ ಲೆಕ್ಕ ಮಾಡಲು ಕರೆದರೆ ಏಳದೆ ಕೂರುವ ಮಗುವಿನದೂ ಇದೇ ಕಥೆ.

ಶಾಲೆಯಲ್ಲಿ ತಪ್ಪಿಗೆ ಮಾರ್ಕು ಕಳೆಯದ ಜಾಗ ಯಾವುದಾದರೂ ಉಳಿದಿದ್ದರೆ ಅದು ಚಿತ್ರಕಲೆಯ ಪಿರಿಯಡ್ ಒಂದೇ. ಅಲ್ಲಿ ಮಗು ಒಂದು ಗೆರೆ ತಪ್ಪಿ, ಅದನ್ನು ತಾನೇ ನೋಡಿ, ತಾನೇ ದಾರಿ ಹುಡುಕಿಕೊಂಡು ಹೊರಬಂದರೆ ಆ ಅನುಭವ ಲೆಕ್ಕಕ್ಕೂ ಕನ್ನಡಕ್ಕೂ ಆಗುತ್ತದೆ. ಅದೊಂದು ಜಾಗಕ್ಕೂ ನಾವು ಕೆಂಪು ಶಾಯಿ ತೆಗೆದುಕೊಂಡು ಹೋಗಬಾರದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಶಾಲೆಯ ಎಲ್ಲ ಹಂತಗಳಲ್ಲಿ ಒಂದು ವಿಷಯವಾಗಿ ಕಲಿಸಬೇಕೆಂದು ಹೇಳಿತು. 2020ರ ಶಿಕ್ಷಣ ನೀತಿಯೂ ಕಲೆಗೆ ಒತ್ತು ಕೊಟ್ಟಿದೆ. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಎಷ್ಟು ಶಾಲೆಗಳಲ್ಲಿ ಆ ಪಿರಿಯಡನ್ನು ಗಣಿತಕ್ಕೆ ಎರವಲು ಕೊಟ್ಟಿದ್ದಾರೆ ಎಂಬುದನ್ನು ಇಲ್ಲಿ ಕುಳಿತಿರುವ ಮಕ್ಕಳೇ ಹೇಳುತ್ತಾರೆ.

ಹಾಗಾದರೆ ಶಿಸ್ತು ಬೇಡವೇ, ಏನು ಗೀಚಿದರೂ ಶಹಬ್ಬಾಸ್ ಎನ್ನಬೇಕೇ? ಖಂಡಿತ ಬೇಡ. ಪ್ರತಿಯೊಂದಕ್ಕೂ 'ತುಂಬಾ ಚೆನ್ನಾಗಿದೆ' ಎಂದು ನೋಡದೆಯೇ ಹೇಳುವ ತಂದೆ ತಾಯಂದಿರನ್ನು ಮಕ್ಕಳು ಬೇಗ ಪತ್ತೆ ಹಚ್ಚುತ್ತಾರೆ. ಬೇಕಾಬಿಟ್ಟಿ ಮಾಡಿದ್ದಕ್ಕೂ ಮಾಡಿ ನೋಡಿದ್ದಕ್ಕೂ ವ್ಯತ್ಯಾಸವಿದೆ, ಅದು ಮಗುವಿಗೂ ಗೊತ್ತು. ಇಬ್ನ್ ಮುಕ್ಲಾರ ಚುಕ್ಕೆಯ ಅಳತೆಯೂ ಬೇಕು, ಹಾಳೆ ಕಪ್ಪು ಮಾಡುವ ಸ್ವಾತಂತ್ರ್ಯವೂ ಬೇಕು. ಮಗು 'ಕುದುರೆಯ ಕಾಲು ಹೇಗೆ ಬರೆಯೋದು ಸಾರ್' ಎಂದು ಕೇಳಿದ ದಿನ ಕಲಿಸಿ. ಕೇಳುವ ಮೊದಲೇ ಅದರ ಕೈ ಹಿಡಿದು ನಿಮ್ಮ ಕುದುರೆಯನ್ನು ಅದರ ಹಾಳೆಗೆ ಹತ್ತಿಸಬೇಡಿ. ಅದಕ್ಕಿಂತ, 'ಇಲ್ಲಿ ಏನು ಮಾಡಿದ್ದೀಯ, ಹೇಳು ನೋಡೋಣ' ಎಂದು ಕೇಳಿ ಸುಮ್ಮನೆ ಕೂತುಕೊಳ್ಳಿ. ಆ ಮಾತಿಗೆ ಮಕ್ಕಳು ಎಷ್ಟು ಹೊತ್ತು ಉತ್ತರ ಕೊಡುತ್ತಾರೆಂದು ನೀವೇ ನೋಡುವಿರಿ.

ಇದು ನನ್ನೊಬ್ಬನ ವಾದವಲ್ಲ. ಮುಂದೆ ರಾಷ್ಟ್ರಪತಿಗಳಾದ ಡಾ. ಜಾಕಿರ್ ಹುಸೇನ್ ಅವರು ಮೊದಲಿಗೆ ಶಿಕ್ಷಕರು. ದೆಹಲಿಯ ಜಾಮಿಯಾ ಮಿಲ್ಲಿಯಾವನ್ನು ಕಷ್ಟದ ದಿನಗಳಲ್ಲಿ ನಡೆಸಿದವರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕರೆದ ಸಮ್ಮೇಳನದ ನಂತರ ಮೂಲಶಿಕ್ಷಣದ ಯೋಜನೆ ರೂಪಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ಕೈಕೆಲಸವೆಲ್ಲ ಶಿಕ್ಷಣವಲ್ಲ ಎಂದು ಅವರು ಎಚ್ಚರಿಸುತ್ತಿದ್ದರು. ಮಾಡುವ ಮೊದಲು ಮಗು ತಾನೇ ಯೋಚಿಸಬೇಕು, ಮಾಡಿದ ಮೇಲೆ ತನ್ನ ಕೆಲಸವನ್ನು ತಾನೇ ಪರೀಕ್ಷಿಸಿ ನೋಡಬೇಕು, ಆಗಲೇ ಅದು ಶಿಕ್ಷಣ ಎಂಬುದು ಅವರ ನಿಲುವು. ಸೇವಾಗ್ರಾಮದಲ್ಲಿ ದೇವಿ ಪ್ರಸಾದ್ ಎಂಬ ಕಲಾವಿದರು ವರ್ಷಾನುಗಟ್ಟಲೆ ಮಕ್ಕಳಿಗೆ ಚಿತ್ರ ಕಲಿಸಿ, ಮಕ್ಕಳ ಕಲೆಯ ಬಗ್ಗೆ ಪುಸ್ತಕ ಬರೆದರು. ಇಲ್ಲಿರುವ ಬಿ.ಎಡ್. ವಿದ್ಯಾರ್ಥಿಗಳು ಅದನ್ನು ಹುಡುಕಿ ಓದಬೇಕು.

ಮಕ್ಕಳೇ, ನೀವು ಆಗಿನಿಂದ ಅಲುಗಾಡುತ್ತಿದ್ದೀರಿ. ನಿಮಗೊಂದು ಆಟ ಹೇಳುತ್ತೇನೆ. ಅಡುಗೆ ಮನೆಯಿಂದ ಒಂದು ಚಮಚ ಅರಿಶಿನ ತೆಗೆದುಕೊಂಡು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿಯಿರಿ, ಒಣಗಲಿ. (ಅಮ್ಮಿಯನ್ನು ಕೇಳಿ ತೆಗೆದುಕೊಳ್ಳಿ, ಅರಿಶಿನದ ಕಲೆ ಬಟ್ಟೆಯಿಂದ ಹೋಗುವುದಿಲ್ಲ.) ಬಟ್ಟೆ ಸೋಪನ್ನು ನೀರಿನಲ್ಲಿ ಕರಗಿಸಿ, ಪೊರಕೆ ಕಡ್ಡಿಯನ್ನು ಅದ್ದಿ ಆ ಹಳದಿ ಕಾಗದದ ಮೇಲೆ ಗೆರೆ ಎಳೆಯಿರಿ. ಬಣ್ಣವಿಲ್ಲದ ನೀರು ಕಾಗದದ ಮೇಲೆ ಕೆಂಪಾಗಿ ಓಡುತ್ತದೆ. ಗೆರೆ ಎಲ್ಲೋ ಹೋಯಿತೇ? ನಿಂಬೆಹಣ್ಣಿನ ರಸ ಮುಟ್ಟಿಸಿ, ಕೆಂಪು ಮತ್ತೆ ಹಳದಿಯಾಗುತ್ತದೆ, ಆದರೆ ಒಂದು ಮಸುಕು ಗುರುತು ಉಳಿಯುತ್ತದೆ. ಆ ಗುರುತಿನಿಂದ ಏನಾದರೂ ಹುಟ್ಟುತ್ತದೆಯೇ ನೋಡಿ. ಹೈಸ್ಕೂಲಿನವರಿಗೆ ಇದು ಗೊತ್ತಿರಬೇಕು, ವಿಜ್ಞಾನದ ಪಾಠದಲ್ಲಿ ಆಮ್ಲ ಪ್ರತ್ಯಾಮ್ಲ ಸೂಚಕ ಎಂದು ಓದಿದ್ದೀರಲ್ಲ, ಅದು ಇದೇ. ಟೀ ಡಿಕಾಕ್ಷನ್, ಬೀಟ್‌ರೂಟ್, ಒಲೆಯ ಇದ್ದಿಲು, ಇಟ್ಟಿಗೆ ಚೂರು, ಕೆರೆಯ ಜೇಡಿಮಣ್ಣು, ಇವೆಲ್ಲವೂ ದುಡ್ಡಿಲ್ಲದೆ ಸಿಗುವ ಸಾಮಗ್ರಿಗಳು. ಯಾವುದು ಹೇಗೆ ವರ್ತಿಸುತ್ತದೆ ಎಂದು ನನ್ನನ್ನು ಕೇಳಬೇಡಿ, ಹಚ್ಚಿ ನೋಡಿ.

ಕೊನೆಗೆ ಸಂಘದ ಪದಾಧಿಕಾರಿಗಳಲ್ಲಿ ಎರಡು ಮೂರು ಕೋರಿಕೆಗಳು. ಹತ್ತು ವರ್ಷದೊಳಗಿನ ಮಕ್ಕಳಿಗೆ ಮುಂದಿನ ವರ್ಷದಿಂದ ಪ್ರಥಮ, ದ್ವಿತೀಯ, ತೃತೀಯ ಎಂಬ ಬಹುಮಾನ ಬೇಡ. ಬಂದ ಚಿತ್ರಗಳನ್ನೆಲ್ಲ ಗೋಡೆಗೆ ಹಚ್ಚಿ, ಎಲ್ಲರಿಗೂ ಒಂದೊಂದು ಬಣ್ಣದ ಡಬ್ಬಿ ಕೊಡಿ. ಬಹುಮಾನದ ಹಣ ಅಷ್ಟಕ್ಕೆ ಸಾಕಾಗುತ್ತದೆ. ದೊಡ್ಡ ಮಕ್ಕಳ ಸ್ಪರ್ಧೆಯಲ್ಲಿ ಮುಗಿದ ಚಿತ್ರದ ಜೊತೆಗೆ ಅವರು ಮಾಡಿಕೊಂಡ ಕಚ್ಚಾ ಹಾಳೆಗಳನ್ನೂ ಪಿನ್ ಹಾಕಿ ಕೊಡಬೇಕೆಂದು ನಿಯಮ ಮಾಡಿ, ತೀರ್ಪುಗಾರರು ಎರಡನ್ನೂ ನೋಡಲಿ. ತಂದೆ ತಾಯಿ ಬರೆದುಕೊಟ್ಟ ಚಿತ್ರವೂ ಆಗ ತಾನಾಗಿ ಸಿಕ್ಕಿಬೀಳುತ್ತದೆ. (ಯಾರ ಕಡೆಯೂ ನೋಡಿ ಹೇಳುತ್ತಿಲ್ಲ.) ಪ್ರತಿಭಾ ಕಾರಂಜಿಗೆ ಮಕ್ಕಳನ್ನು ತಯಾರು ಮಾಡುವ ಶಿಕ್ಷಕ ಮಿತ್ರರು ಪ್ರತಿ ವರ್ಷ ಅದೇ ಮಾದರಿ ಚಿತ್ರವನ್ನು ಬಾಯಿಪಾಠ ಮಾಡಿಸುವುದನ್ನು ಬಿಟ್ಟರೆ ಅದೂ ಒಂದು ಉಪಕಾರವೇ.

ಕಾಗದಕ್ಕೆ ದುಡ್ಡು ಎಲ್ಲಿ ಎನ್ನುವವರಿಗೆ ಒಂದು ಉಪಾಯ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಊರುಗಳಲ್ಲಿ ಮದುವೆಯ ಕಾಲ ಬಂದರೆ ಮನೆ ಮನೆಗೂ ರಾಶಿ ರಾಶಿ ರುಖ್ಖಾ ಬರುತ್ತವೆ. ಒಂದು ಕಡೆ ಖಾಲಿ, ಕಾಗದ ದಪ್ಪ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯೂ ಹಾಗೆಯೇ. ಸಂಘದ ಕಚೇರಿಯಲ್ಲಿ ಒಂದು ಪೆಟ್ಟಿಗೆ ಇಡಿ, ಸದಸ್ಯರು ತಂದು ಹಾಕಲಿ. ಪವಿತ್ರ ವಾಕ್ಯ ಅಚ್ಚಾಗಿರುವುದನ್ನು ಬೇರೆ ತೆಗೆದಿಟ್ಟು, ಉಳಿದದ್ದನ್ನು ತಿಂಗಳಿಗೊಮ್ಮೆ ಮಕ್ಕಳಿಗೆ ಹಂಚಿ. ಈ ಕೆಲಸವನ್ನು ವಿದ್ಯಾರ್ಥಿ ಘಟಕದವರು ವಹಿಸಿಕೊಳ್ಳುವುದಾದರೆ ಮೊದಲ ಕಂತಿನ ಕಾಗದವನ್ನು ನಾನೇ ತಂದುಕೊಡುತ್ತೇನೆ, ನಮ್ಮ ಮನೆಯ ಅಟ್ಟದಲ್ಲಿ ಬೇಕಾದಷ್ಟಿದೆ.